ರೋಗಿಯ ಭಯವನ್ನು ಅರಿತ ವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ(ರ)

ಹಲ್ಲುನೋವು ಬಾರದ ಮನುಷ್ಯರು ವಿರಳ. ಆದರೆ ಹಲ್ಲುನೋವಿಗಿಂತ ಹಲ್ಲಿನ ವೈದ್ಯರ ಭಯವೇ ದೊಡ್ಡದೆಂಬುದು ಅನೇಕರ ಅನುಭವ. ರಾತ್ರಿಯಿಡೀ ದವಡೆ ಹಿಡಿದುಕೊಂಡು ನರಳಿದವರು ಬೆಳಗಾದಾಗ ವೈದ್ಯರ ಬಾಗಿಲಿನವರೆಗೆ ಹೋಗುತ್ತಾರೆ. ಒಳಗಿನಿಂದ ಯಂತ್ರದ ಸದ್ದು ಕೇಳಿಸಿದೊಡನೆ ನೋವು ಕಡಿಮೆಯಾಯಿತೆಂದು ತಮ್ಮನ್ನು ತಾವೇ ನಂಬಿಸಿಕೊಂಡು ಮನೆಗೆ ಮರಳುತ್ತಾರೆ. ಯುದ್ಧಭೂಮಿಯಲ್ಲಿ ಹೆದರದವನೂ ಆ ಕುರ್ಚಿಯಲ್ಲಿ ಕುಳಿತಾಗ ಅದರ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ.

ಈ ಭಯವನ್ನು ದೌರ್ಬಲ್ಯವೆಂದು ನಗುವವರಿದ್ದಾರೆ. ಹೇಡಿತನವೆಂದು ಗದರುವವರೂ ಇದ್ದಾರೆ. ಆದರೆ ಭಯವೂ ರೋಗದ ಒಂದು ಭಾಗವೇ, ಅದಕ್ಕೂ ಚಿಕಿತ್ಸೆ ಬೇಕೆಂದು ಕಂಡುಕೊಂಡ ವೈದ್ಯರೊಬ್ಬರು ಸುಮಾರು ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ಸ್ಪೇನ್‌ನಲ್ಲಿ ಬದುಕಿದ್ದರು. ಅವರೇ ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ(ರ). ಯುರೋಪಿನವರು ಅವರನ್ನು ಅಲ್ಬುಕಾಸಿಸ್ ಎಂದು ಕರೆದರು. ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲಿ ಒಬ್ಬರೆಂದು ಜಗತ್ತು ಅವರನ್ನು ಗೌರವಿಸುತ್ತದೆ. ಅವರ ಕೈಚಳಕದ ಕುರಿತು ಬಹಳಷ್ಟು ಬರೆಯಲಾಗಿದೆ. ಆ ಕೈಯ ಹಿಂದಿದ್ದ ಕರುಣೆಯ ಬಗ್ಗೆ ನಾವು ಅಷ್ಟಾಗಿ ಯೋಚಿಸಿಲ್ಲ.

ಝಹ್ರಾ ನಗರದ ಮಗ

ಕ್ರಿ.ಶ. 929ರಲ್ಲಿ ಅಂದಲುಸ್‌ನ ದೊರೆ ಮೂರನೆಯ ಅಬ್ದುರ್ರಹ್ಮಾನ್ ತನ್ನನ್ನು ಖಲೀಫನೆಂದು ಘೋಷಿಸಿಕೊಂಡನು. ಅವನ ರಾಜಧಾನಿ ಕುರ್ತುಬಾ, ಅಂದರೆ ಇಂದಿನ ಕೊರ್ಡೋಬಾ. 936ರಲ್ಲಿ ಅವನು ಅದರ ಪಶ್ಚಿಮಕ್ಕೆ ಸುಮಾರು 8 ಕಿ.ಮೀ. ದೂರದಲ್ಲಿ, ಬೆಟ್ಟದ ತಪ್ಪಲಿನಲ್ಲಿ ಹೊಸದೊಂದು ಅರಮನೆ ನಗರವನ್ನು ಕಟ್ಟಲು ಆರಂಭಿಸಿದನು. ಅದಕ್ಕೆ ಮದೀನತುಝ್ಝಹ್ರಾ ಎಂದು ಹೆಸರಾಯಿತು. ಆ ನಗರದ ಹೆಸರೇ ನಮ್ಮ ವೈದ್ಯರ ಹೆಸರಿನ ಕೊನೆಯಲ್ಲಿ ಝಹ್ರಾವಿ ಎಂದು ಉಳಿದಿದೆ. ಸುಮಾರು ಅದೇ ವರ್ಷಗಳಲ್ಲಿ ಅವರ ಜನನವಾಯಿತೆಂದು ಹೇಳಲಾಗುತ್ತದೆ. ಅವರ ಹೆಸರಿನೊಂದಿಗೆ ಅನ್ಸಾರಿ ಎಂಬ ವಂಶನಾಮವೂ ಸೇರಿಕೊಂಡಿದೆ. ಪ್ರವಾದಿವರ್ಯರಿಗೆ(ಸ) ಆಶ್ರಯವಿತ್ತ ಮದೀನಾದ ಅನ್ಸಾರರ ಪರಂಪರೆಯನ್ನು ಅದು ಸೂಚಿಸುತ್ತದೆ.

ಅದು ವಿದ್ಯೆಗೆ ಮನ್ನಣೆಯಿದ್ದ ಕಾಲ. ಅಬ್ದುರ್ರಹ್ಮಾನನ ಬಳಿಕ 961ರಿಂದ 976ರ ವರೆಗೆ ಆಳಿದ ಅವನ ಮಗ ಎರಡನೆಯ ಅಲ್ ಹಕಮ್ ಪುಸ್ತಕ ಪ್ರೇಮಿಯೆಂದೇ ಪ್ರಸಿದ್ಧನು. ದೂರದೂರದ ನಾಡುಗಳಿಂದ ಹಸ್ತಪ್ರತಿಗಳನ್ನು ತರಿಸಿ ಅವನು ಕಟ್ಟಿದ ಗ್ರಂಥಾಲಯದ ಖ್ಯಾತಿ ಎಲ್ಲೆಡೆ ಹಬ್ಬಿತ್ತು. ಗ್ರೀಕ್ ವೈದ್ಯರ ಗ್ರಂಥಗಳು ಅರಬಿಯಲ್ಲಿ ಸಿಗುತ್ತಿದ್ದವು. ಪೂರ್ವದ ಅರ್ರಾಝಿಯಂತಹವರ ಕೃತಿಗಳೂ ಅಂದಲುಸ್‌ಗೆ ಬಂದು ಸೇರಿದ್ದವು.

ಝಹ್ರಾವಿಯವರ ಬಾಲ್ಯ, ಕುಟುಂಬಗಳ ವಿವರಗಳನ್ನು ಇತಿಹಾಸಕಾರರು ಉಳಿಸಿಲ್ಲ. ಕುರ್ತುಬಾದ ವಿದ್ವಾಂಸ ಇಬ್ನ್ ಹಝ್ಮ್(ರ) ತಾವು ಅವರನ್ನು ಕಣ್ಣಾರೆ ಕಂಡಿದ್ದಾಗಿ ತಿಳಿಸಿ, ಅವರ ಗ್ರಂಥವನ್ನು ಬಹಳವಾಗಿ ಮೆಚ್ಚಿದ್ದಾರೆ. ಅಂದಲುಸ್‌ನ ಚರಿತ್ರಕಾರ ಅಲ್ ಹುಮೈದಿ(ರ) ಅವರನ್ನು ಸದ್ಗುಣ, ಧರ್ಮನಿಷ್ಠೆ ಮತ್ತು ಜ್ಞಾನ ಈ ಮೂರೂ ಕೂಡಿದ್ದ ವ್ಯಕ್ತಿಯೆಂದು ಪರಿಚಯಿಸಿದ್ದಾರೆ. ಇದಕ್ಕಿಂತ ಹೆಚ್ಚಿನದನ್ನು ತಿಳಿಯಬೇಕಾದರೆ ಅವರ ಗ್ರಂಥವನ್ನೇ ತೆರೆಯಬೇಕು. ಒಬ್ಬ ವೈದ್ಯನು ತನ್ನ ರೋಗಿಗಳ ಬಗ್ಗೆ ಹೇಗೆ ಬರೆಯುತ್ತಾನೆಂಬುದರಿಂದ ಅವನ ಹೃದಯವನ್ನು ಓದಬಹುದಲ್ಲವೇ?

ಐವತ್ತು ವರ್ಷಗಳ ಫಲ

ಸುಮಾರು ಐವತ್ತು ವರ್ಷಗಳ ವೈದ್ಯವೃತ್ತಿಯ ಅನುಭವವನ್ನು ಝಹ್ರಾವಿಯವರು ಕ್ರಿ.ಶ. 1000ದ ಸುಮಾರಿಗೆ ಒಂದು ಬೃಹತ್ ಗ್ರಂಥವಾಗಿ ಪೂರ್ಣಗೊಳಿಸಿದರು. ಅದರ ಹೆಸರು ‘ಅತ್ತಸ್ರೀಫ್ ಲಿಮನ್ ಅಜಝ ಅನಿತ್ತಅ್‌ಲೀಫ್’. ತಾನೇ ಗ್ರಂಥ ಸಂಗ್ರಹಿಸಲಾರದ ವೈದ್ಯನಿಗೆ ನೆರವಾಗುವ ಕೃತಿಯೆಂಬುದು ಆ ಹೆಸರಿನ ಆಶಯ. ಅದರಲ್ಲಿ ಒಟ್ಟು 30 ಭಾಗಗಳಿವೆ. ರೋಗಗಳ ಲಕ್ಷಣ, ಔಷಧಗಳ ತಯಾರಿ, ಪಥ್ಯ, ಹಲ್ಲು-ಬಾಯಿ-ಗಂಟಲುಗಳ ಮದ್ದು ಎಲ್ಲವೂ ಅದರಲ್ಲಿವೆ.

ಅದರ ಮೂವತ್ತನೆಯ ಹಾಗೂ ಕೊನೆಯ ಭಾಗವೇ ಅವರ ಹೆಸರನ್ನು ಅಮರಗೊಳಿಸಿದ್ದು. ಅದು ಶಸ್ತ್ರಚಿಕಿತ್ಸೆಗೆ ಮೀಸಲಾದ ಭಾಗ. ಕಾಯಿಸಿದ ಕಬ್ಬಿಣದಿಂದ ಸುಡುವ ಚಿಕಿತ್ಸೆ, ಕೊಯ್ದು ಮಾಡುವ ಚಿಕಿತ್ಸೆ, ಮೂಳೆ ಕೂಡಿಸುವ ಚಿಕಿತ್ಸೆ ಎಂದು ಅದನ್ನು ಮೂರಾಗಿ ವಿಂಗಡಿಸಿದ್ದಾರೆ. ಸುಮಾರು 200 ಉಪಕರಣಗಳ ಚಿತ್ರಗಳನ್ನು ಅದರಲ್ಲಿ ಬರೆದು ತೋರಿಸಿದ್ದಾರೆ. ಅವುಗಳಲ್ಲಿ ಹಲವು ಅವರೇ ರೂಪಿಸಿದವು. ಅದರಲ್ಲಿ ಅವರು ತಮ್ಮ ಶಿಷ್ಯರನ್ನು ಮಕ್ಕಳೇ ಎಂದು ಸಂಬೋಧಿಸುತ್ತಾರೆ. ತಂದೆಯೊಬ್ಬನು ಮಕ್ಕಳಿಗೆ ಕಸುಬು ಕಲಿಸುವಾಗ ಎಲ್ಲಿ ಎಡವಬಹುದೆಂದು ಎಚ್ಚರಿಸುವಂತೆ ಅವರ ಬರವಣಿಗೆಯಿದೆ.

ಆ ಭಾಗದ ಪೀಠಿಕೆಯಲ್ಲೇ ಅವರು ತಾವು ಕಂಡ ಕೆಲವು ದುರಂತಗಳನ್ನು ವಿವರಿಸುತ್ತಾರೆ. ಅಜ್ಞಾನಿ ವೈದ್ಯನೊಬ್ಬನು ಮಹಿಳೆಯೊಬ್ಬಳ ಕೊರಳಿನ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದನು. ಆಕೆ ಅವನ ಕಣ್ಣೆದುರಿನಲ್ಲೇ ರಕ್ತ ಸೋರಿ ಪ್ರಾಣ ಬಿಟ್ಟಳು. ಇನ್ನೊಬ್ಬ ವೈದ್ಯನು ವೃದ್ಧರೊಬ್ಬರ ಮೂತ್ರಕೋಶದಿಂದ ದೊಡ್ಡ ಕಲ್ಲನ್ನು ತೆಗೆಯಲು ಹೋಗಿ ಮೂತ್ರಕೋಶದ ತುಂಡನ್ನೂ ಕಿತ್ತನು. ಕೆಲವೇ ದಿನಗಳಲ್ಲಿ ಆ ರೋಗಿ ತೀರಿಕೊಂಡರು. ಈ ಕೆಲಸಕ್ಕೆ ಮೊದಲು ಕರೆ ಬಂದಿದ್ದು ಝಹ್ರಾವಿಯವರಿಗೇ. ಕಲ್ಲಿನ ಗಾತ್ರವನ್ನೂ ರೋಗಿಯ ಸ್ಥಿತಿಯನ್ನೂ ನೋಡಿ, ಆತ ಬದುಕಲಾರನೆಂದು ಅವರು ಅರಿತಿದ್ದರು.

ಆದ್ದರಿಂದಲೇ ಅವರು ಶಿಷ್ಯರಿಗೆ ದೇಹರಚನೆಯನ್ನು ಚೆನ್ನಾಗಿ ಕಲಿಯದೆ ಕತ್ತಿ ಹಿಡಿಯಬಾರದೆಂದು ಕಟ್ಟಪ್ಪಣೆ ಮಾಡಿದರು. ಖಚಿತವಾದ ಜ್ಞಾನವಿಲ್ಲದ ಕೆಲಸಕ್ಕೆ ಕೈ ಹಾಕಬಾರದು. ಲಾಭದ ಆಸೆಗಿಂತ ಎಚ್ಚರಿಕೆ ಬಲವಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಜನರು ವೈದ್ಯರಿಗೆ ಹೆದರಲು ಸಕಾರಣವಿದ್ದ ಕಾಲವದು. ಭಯವನ್ನು ಹೋಗಲಾಡಿಸುವ ಮೊದಲ ಮದ್ದು ಸಿಹಿಮಾತಲ್ಲ, ವೈದ್ಯನ ಅರ್ಹತೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಯಾವ ಹಲ್ಲು?

ಅಂದಿನ ದಿನಗಳಲ್ಲಿ ಹಲ್ಲು ಕೀಳುವವರು ಹೆಚ್ಚಾಗಿ ಕ್ಷೌರಿಕರೇ ಆಗಿದ್ದರು. ನೋವಿನಿಂದ ಕಂಗೆಟ್ಟವನು ಬರುತ್ತಿದ್ದನು, ಬೆರಳಿಟ್ಟು ಒಂದು ಹಲ್ಲು ತೋರಿಸುತ್ತಿದ್ದನು. ಕ್ಷೌರಿಕನು ಇಕ್ಕಳ ಹಾಕಿ ಎಳೆದು ಬಿಡುತ್ತಿದ್ದನು. ಅವರ ಈ ಆತುರ ಮತ್ತು ದುಡುಕನ್ನು ಝಹ್ರಾವಿಯವರು ಕಟುವಾಗಿ ಖಂಡಿಸಿದ್ದಾರೆ. ಹಲ್ಲು ಮುರಿದು ಬೇರು ಒಳಗೇ ಉಳಿಯುವುದು, ಹಲ್ಲಿನೊಂದಿಗೆ ದವಡೆಯ ಮೂಳೆಯ ಚೂರೂ ಕಿತ್ತು ಬರುವುದು ಇವೆಲ್ಲವನ್ನೂ ತಾವು ಹಲವು ಬಾರಿ ಕಂಡಿದ್ದಾಗಿ ಅವರು ಬರೆದಿದ್ದಾರೆ.

ಅವರ ವಿಧಾನವೇ ಬೇರೆ. ಹಲ್ಲು ಅಮೂಲ್ಯವಾದ ವಸ್ತು, ಒಮ್ಮೆ ಕಿತ್ತರೆ ಅದರ ಸ್ಥಾನವನ್ನು ಬೇರಾವುದೂ ತುಂಬಲಾರದು. ಆದುದರಿಂದ ಮೊದಲು ಎಲ್ಲ ಬಗೆಯ ಮದ್ದುಗಳನ್ನೂ ಮಾಡಿ ನೋಡಬೇಕು, ಕೀಳುವುದು ಕೊನೆಯ ಮಾತು ಎಂದು ಅವರು ಕಲಿಸಿದರು. ಕೀಳಲೇಬೇಕಾದಾಗಲೂ ನೋಯುತ್ತಿರುವುದು ಯಾವ ಹಲ್ಲೆಂದು ವೈದ್ಯನೇ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ನೋವು ರೋಗಿಯನ್ನು ಮೋಸಗೊಳಿಸುತ್ತದೆ. ಆತನು ಗಟ್ಟಿಯಾದ ಹಲ್ಲನ್ನೇ ತೋರಿಸಿ ಕೀಳಿಸಿಕೊಳ್ಳುತ್ತಾನೆ. ಕೆಟ್ಟ ಹಲ್ಲು ಅಲ್ಲೇ ಇರುವುದರಿಂದ ನೋವು ಮಾತ್ರ ಹೋಗುವುದಿಲ್ಲ.

ಇದು ಮೇಲುನೋಟಕ್ಕೆ ಚಿಕ್ಕ ವಿಷಯ. ಆದರೆ ಇದರಲ್ಲಿ ದೊಡ್ಡದೊಂದು ತಿಳುವಳಿಕೆಯಿದೆ. ನೋವು ಮತ್ತು ಗಾಬರಿಯಲ್ಲಿರುವ ಮನುಷ್ಯನ ಮಾತು ಅವನ ಪೂರ್ಣ ಬುದ್ಧಿಯ ಮಾತಲ್ಲ. ಅವನು ಹೇಳಿದ್ದನ್ನೇ ಹಿಡಿದು ಕೆಲಸ ಮುಗಿಸಿ ಹಣ ಪಡೆಯುವುದು ಸುಲಭ. ನಾಳೆ ತಪ್ಪಾಯಿತೆಂದಾದರೆ ನೀನೇ ತೋರಿಸಿದ್ದೆಯಲ್ಲಾ ಎಂದು ನುಣುಚಿಕೊಳ್ಳಲೂಬಹುದು. ಆದರೆ ಅಮಾನತ್ತಿನ ಪ್ರಜ್ಞೆಯುಳ್ಳ ವೈದ್ಯನು ರೋಗಿಯ ಗಾಬರಿಯ ಹೊರೆಯನ್ನು ತಾನೇ ಹೊರುತ್ತಾನೆ. ರೋಗಿಯ ಪರವಾಗಿ ತಾನು ಶಾಂತನಾಗಿ ಯೋಚಿಸುತ್ತಾನೆ.

ಅನಂತರದ ಕ್ರಮವನ್ನೂ ಅವರು ಹಂತ ಹಂತವಾಗಿ ವಿವರಿಸಿದ್ದಾರೆ. ಮೊದಲು ಹಲ್ಲಿನ ಸುತ್ತಲಿನ ವಸಡನ್ನು ಬಿಡಿಸಬೇಕು. ಬಳಿಕ ಬೆರಳಿನಿಂದಲೋ ಚಿಕ್ಕ ಇಕ್ಕಳದಿಂದಲೋ ಸ್ವಲ್ಪ ಸ್ವಲ್ಪವಾಗಿ ಅಲುಗಾಡಿಸಿ ಸಡಿಲಗೊಳಿಸಬೇಕು. ರೋಗಿಯ ತಲೆ ಅಲುಗದಂತೆ ತನ್ನ ಮೊಣಕಾಲುಗಳ ನಡುವೆ ಆನಿಸಿಕೊಂಡು, ಆಮೇಲಷ್ಟೇ ದೊಡ್ಡ ಇಕ್ಕಳದಿಂದ ನೇರವಾಗಿ ಎಳೆಯಬೇಕು. ಹಲ್ಲಿನಲ್ಲಿ ತೂತಿದ್ದರೆ ಇಕ್ಕಳದ ಹಿಡಿತಕ್ಕೆ ಅದು ಪುಡಿಯಾಗದಂತೆ ಮೊದಲೇ ಬಟ್ಟೆಯ ಚೂರನ್ನು ಅದರಲ್ಲಿ ಒತ್ತಿ ತುಂಬಬೇಕು. ಒಂದೇ ಎಳೆತಕ್ಕೆ ಕಿತ್ತೆಸೆಯುವ ಗಂಡುಗಲಿತನಕ್ಕೆ ಅವರಲ್ಲಿ ಬೆಲೆಯಿರಲಿಲ್ಲ.

ನೋಯುವ ಹಲ್ಲಿಗೆ ಕಾಯಿಸಿದ ಕಬ್ಬಿಣ ಮುಟ್ಟಿಸುವ ಚಿಕಿತ್ಸೆಯೂ ಆಗ ಇತ್ತು. ಬಾಯಿಯೊಳಗೆ ಕೆಂಪಗೆ ಕಾದ ಕಂಬಿ ಹೋಗುವುದೆಂದರೆ ಯಾರ ಎದೆ ನಡುಗದು? ಝಹ್ರಾವಿಯವರು ಅದಕ್ಕೆ ತಾಮ್ರ ಅಥವಾ ಕಬ್ಬಿಣದ ದಪ್ಪನೆಯ ಕೊಳವೆಯೊಂದನ್ನು ಬಳಸಿದರು. ಕೊಳವೆಯನ್ನು ಹಲ್ಲಿನ ಮೇಲಿಟ್ಟು ಅದರೊಳಗಿನಿಂದ ಕಂಬಿಯನ್ನು ಇಳಿಸಿದರೆ ತುಟಿ, ನಾಲಗೆ, ಕೆನ್ನೆಗಳಿಗೆ ಬಿಸಿ ತಾಗುವುದಿಲ್ಲ. ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿಕೊಂಡ ಕೊಳೆಯನ್ನು ಕೆರೆದು ತೆಗೆಯಲು ಅವರು ಬೇರೆ ಬೇರೆ ಆಕಾರದ 14 ಸಲಕರಣೆಗಳ ಚಿತ್ರ ಕೊಟ್ಟಿದ್ದಾರೆ. ಆ ಕೆಲಸವೂ ಒಂದೇ ದಿನದಲ್ಲಿ ಮುಗಿಯಬೇಕೆಂದಿಲ್ಲ. ಒಮ್ಮೆಗೆ ಹೋಗದಿದ್ದರೆ ಎರಡನೆಯ ದಿನ, ಮೂರನೆಯ ದಿನ, ನಾಲ್ಕನೆಯ ದಿನ ಮಾಡಬಹುದು. ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟಿ ನಿಲ್ಲಿಸುವುದನ್ನೂ, ಬಿದ್ದ ಹಲ್ಲಿನ ಬದಲಿಗೆ ದನದ ಮೂಳೆಯಿಂದ ಹಲ್ಲು ಕೆತ್ತಿ ಕೂರಿಸುವುದನ್ನೂ ಅವರು ಕಲಿಸಿದರು. ಇಂತಹ ಕೆಲಸಕ್ಕೆ ಪಳಗಿದ ಕೈಯ ಜೊತೆಗೆ ಮೃದುತನವೂ ಬೇಕೆಂದರು.

ಬೆರಳುಗಳ ನಡುವಿನ ಕತ್ತಿ

ಅವರ ಉಪಕರಣಗಳ ಚಿತ್ರಗಳ ನಡುವೆ ಒಂದು ಪುಟ್ಟ ಕತ್ತಿಯ ಚಿತ್ರವಿದೆ. ಅದು ದೊಡ್ಡದು, ಮಧ್ಯಮ ಮತ್ತು ಚಿಕ್ಕದು ಹೀಗೆ ಮೂರು ಅಳತೆಗಳಲ್ಲಿದೆ. ಕೀವು ತುಂಬಿದ ಬಾವನ್ನು ಒಡೆಯಲು ಅದನ್ನು ಬಳಸಲಾಗುತ್ತಿತ್ತು. ಅದರ ವಿಶೇಷವೇನೆಂದರೆ ಅದು ವೈದ್ಯನ ಬೆರಳುಗಳ ನಡುವೆ ಅಡಗಿ ಕುಳಿತುಕೊಳ್ಳುತ್ತದೆ. ರೋಗಿಯ ಕಣ್ಣಿಗೆ ಅದು ಬೀಳುವುದಿಲ್ಲ. ವೈದ್ಯನು ಬಾವನ್ನು ಸವರಿ ನೋಡುತ್ತಿದ್ದಾನೆಂದು ರೋಗಿ ತಿಳಿದಿರುವಾಗಲೇ ಬಾವು ಒಡೆದು, ಕೀವು ಹೊರಬಂದು, ಹಾಯೆನಿಸಿ ಬಿಡುತ್ತದೆ.

ಕತ್ತಿಯ ಹರಿತ ಹೆಚ್ಚಿಸಲು ಎಷ್ಟೋ ಮಂದಿ ಶ್ರಮಿಸಿದ್ದಾರೆ. ಆದರೆ ಕತ್ತಿ ಕಾಣದಂತೆ ಮಾಡಲು ಶ್ರಮಿಸಿದವರು ಅಪರೂಪ. ಆ ಪುಟ್ಟ ಉಪಕರಣದಿಂದ ಕೊಯ್ತದ ನೋವು ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುತ್ತಿದ್ದುದು ಕೊಯ್ತಕ್ಕೆ ಮುಂಚಿನ ಕ್ಷಣಗಳ ಯಾತನೆ. ಕತ್ತಿ ಎತ್ತಿದ್ದನ್ನು ಕಂಡು, ಅದು ತನ್ನತ್ತ ಬರುವುದನ್ನು ನೋಡುತ್ತಾ ಕಾಯುವ ಆ ಕ್ಷಣಗಳು ಎಷ್ಟೋ ವೇಳೆ ಕೊಯ್ತಕ್ಕಿಂತ ಘೋರ. ಆ ಕ್ಷಣಗಳನ್ನು ಇಲ್ಲವಾಗಿಸಲು ವೈದ್ಯರೊಬ್ಬರು ಕುಳಿತು ಯೋಚಿಸಿದರು, ಕಮ್ಮಾರನಿಂದ ಮಾಡಿಸಬಹುದಾದ ಚಿತ್ರ ಬರೆದರು, ಮೂರು ಅಳತೆಗಳನ್ನು ಗೊತ್ತುಪಡಿಸಿದರು.

ಇಲ್ಲಿ ನಮಗೆ ಪ್ರವಾದಿ ಮುಹಮ್ಮದ್‌ರ(ಸ) ಒಂದು ಶಿಕ್ಷಣ ನೆನಪಾಗುತ್ತದೆ. ಪ್ರಾಣಿಯನ್ನು ಕೊಯ್ಯುವಾಗಲೂ ಒಳ್ಳೆಯ ರೀತಿಯಲ್ಲಿ ಕೊಯ್ಯಬೇಕು, ಕತ್ತಿ ಹರಿತವಾಗಿರಬೇಕು, ಆದರೆ ಅದನ್ನು ಪ್ರಾಣಿಯ ಕಣ್ಣೆದುರಿನಲ್ಲಿ ಮಸೆಯಬಾರದೆಂದು ಅವರು(ಸ) ಕಲಿಸಿದರು. ಕೆಡವಿದ ಆಡಿನ ಮುಂದೆ ಕತ್ತಿ ಮಸೆಯುತ್ತಿದ್ದವನನ್ನು ಕಂಡಾಗ ಅವರಿಗೆ(ಸ) ಬೇಸರವಾಯಿತು. ಝಹ್ರಾವಿಯವರು ತಮ್ಮ ಉಪಕರಣವನ್ನು ಈ ಹದೀಸ್‌ನೊಂದಿಗೆ ಜೋಡಿಸಿ ಬರೆದಿಲ್ಲ. ಆದರೂ ಇಂತಹ ಶಿಕ್ಷಣದ ಮಡಿಲಲ್ಲಿ ಬೆಳೆದ ಮನಸ್ಸಿಗೆ ಈ ಯೋಚನೆ ಹೊಳೆದುದರಲ್ಲಿ ಅಚ್ಚರಿಯಿಲ್ಲ. ಸಾಯಲಿರುವ ಪ್ರಾಣಿಗೇ ಕತ್ತಿಯ ಭಯ ತೋರಿಸಬಾರದೆಂದ ಮೇಲೆ, ಬದುಕಲೆಂದು ಬಂದ ಮನುಷ್ಯನಿಗೆ ತೋರಿಸಬಹುದೇ?

ಮರೆಮಾಡುವುದು ವಂಚನೆಯಲ್ಲವೇ?

ಒಂದು ಪ್ರಶ್ನೆ ಏಳಬಹುದು. ಆ ಕತ್ತಿಗೆ ಅವರಿಟ್ಟ ಅರಬಿ ಹೆಸರು ವಂಚಿಸು, ಮರೆಮಾಡು ಎಂಬರ್ಥದ ಧಾತುವಿನಿಂದಲೇ ಬಂದಿದೆ. ಸತ್ಯವಿಶ್ವಾಸಿಯಾದ ವೈದ್ಯನು ರೋಗಿಯನ್ನು ವಂಚಿಸಬಹುದೇ? ಭಯ ಹೋಗಲಾಡಿಸಲೆಂದು ಸುಳ್ಳು ಹೇಳಬಹುದೇ?

ಅವರ ಗ್ರಂಥದಲ್ಲೇ ಇದಕ್ಕೆ ಉತ್ತರ ಸಿಗುತ್ತದೆ. ಅವರು ರೋಗಿಯ ಕಣ್ಣಿನಿಂದ ಕತ್ತಿಯನ್ನು ಮರೆಮಾಡಿದರು, ಆದರೆ ರೋಗದ ಸತ್ಯವನ್ನು ಮರೆಮಾಡಲಿಲ್ಲ. ಬೇರೂರಿದ ಅರ್ಬುದ ರೋಗವನ್ನು ತಾವಾಗಲಿ, ತಾವು ಬಲ್ಲ ಬೇರೆಯವರಾಗಲಿ ಗುಣಪಡಿಸಿದ್ದಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಶಸ್ತ್ರಚಿಕಿತ್ಸೆಗಳಲ್ಲಿ ಕೆಲವು ಸುರಕ್ಷಿತ, ಕೆಲವು ಅಪಾಯಕಾರಿ ಎಂದು ಪ್ರತ್ಯೇಕಿಸಿ ಎಚ್ಚರಿಸಿದರು. ಗುಣವಾಗದ ರೋಗಕ್ಕೆ ಆಸೆ ತೋರಿಸಿ ಹಣ ಕೀಳುವುದು ವಂಚನೆ. ಗುಣಪಡಿಸಲು ಬಂದ ಕತ್ತಿಯನ್ನು ಕಣ್ಣಿಗೆ ಕಾಣದಂತೆ ಹಿಡಿಯುವುದು ಕರುಣೆ. ಮೊದಲನೆಯದು ವೈದ್ಯನ ಲಾಭಕ್ಕಾಗಿ, ಎರಡನೆಯದು ರೋಗಿಯ ನೆಮ್ಮದಿಗಾಗಿ.

ಸ್ತ್ರೀಯರ ಲಜ್ಜೆ, ಅನ್ಯಮತೀಯರ ಹಕ್ಕು

ರೋಗಿಯ ಆತಂಕ ನೋವಿನ ಭಯವೊಂದೇ ಅಲ್ಲ. ಮಾನದ ಭಯವೂ ಇದೆ. ಮೂತ್ರಕೋಶದ ಕಲ್ಲಿನಿಂದ ನರಳುವ ಮಹಿಳೆಯರ ಬಗ್ಗೆ ಬರೆಯುವಾಗ ಝಹ್ರಾವಿಯವರು ಇದನ್ನು ಎತ್ತಿಕೊಂಡಿದ್ದಾರೆ. ಸುಶೀಲೆಯಾದ ಹೆಣ್ಣು ಪುರುಷ ವೈದ್ಯನ ಮುಂದೆ ಮೈ ತೋರಿಸಲು ಒಪ್ಪುವುದಿಲ್ಲ. ಈ ವಿದ್ಯೆ ಬಲ್ಲ ಮಹಿಳೆಯರೋ ಬಹಳ ಅಪರೂಪ. ಹಾಗಾದರೆ ಆಕೆ ನರಳುತ್ತಲೇ ಇರಬೇಕೇ? ಅನುಭವಸ್ಥೆಯಾದ ಸೂಲಗಿತ್ತಿಯನ್ನೋ, ಸ್ವಲ್ಪವಾದರೂ ವೈದ್ಯ ಬಲ್ಲ ಹೆಂಗಸನ್ನೋ ಕರೆತಂದು, ವೈದ್ಯನು ಒಂದೊಂದೇ ಹೆಜ್ಜೆಯನ್ನು ಹೇಳಿಕೊಡುತ್ತಾ ಅವಳ ಕೈಯಿಂದಲೇ ಪರೀಕ್ಷೆ ಹಾಗೂ ಚಿಕಿತ್ಸೆಯನ್ನು ಮಾಡಿಸಬೇಕೆಂದು ಅವರು ದಾರಿ ತೋರಿಸಿದರು. ನಾಚಿಕೆ ಬಿಡು ಎಂದು ಆಕೆಯನ್ನು ಗದರುವ ಬದಲು, ಆಕೆಯ ಲಜ್ಜೆಗೆ ಹೊಂದುವಂತೆ ತಮ್ಮ ವಿಧಾನವನ್ನೇ ಬದಲಾಯಿಸಿದರು.

ಅವರ ರೋಗಿಗಳಲ್ಲಿ ಮುಸ್ಲಿಮೇತರರೂ ಇದ್ದರು. ಕಣ್ಣಿನ ಕುಳಿಗೆ ಬಾಣ ನಾಟಿದ ಒಬ್ಬ ಯಹೂದಿಯ ಹಾಗೂ ಗಂಟಲಿಗೆ ಬಾಣ ಚುಚ್ಚಿದ ಒಬ್ಬ ಕ್ರೈಸ್ತನ ಬಾಣಗಳನ್ನು ತಾವೇ ತೆಗೆದುದಾಗಿ ಅವರು ದಾಖಲಿಸಿದ್ದಾರೆ. ನೋವು ಮನುಷ್ಯನ ಧರ್ಮವನ್ನು ಕೇಳಿ ಬರುವುದಿಲ್ಲ. ಅದನ್ನು ನೀಗಿಸುವ ಕೈಯೂ ಕೇಳಬಾರದು.

ನಗರ ಅಳಿಯಿತು, ಗ್ರಂಥ ಉಳಿಯಿತು

ಝಹ್ರಾವಿಯವರ ಕೊನೆಯ ದಿನಗಳು ಅಂದಲುಸ್‌ನ ದುರ್ದಿನಗಳಾಗಿದ್ದವು. 1009ರಲ್ಲಿ ಅಧಿಕಾರಕ್ಕಾಗಿ ಆಂತರಿಕ ಕಲಹ ಭುಗಿಲೆದ್ದಿತು. 1010ರ ಸುಮಾರಿಗೆ ಮದೀನತುಝ್ಝಹ್ರಾ ಲೂಟಿಗೆ ಗುರಿಯಾಗಿ ಪಾಳುಬಿತ್ತು. ಒಬ್ಬ ಖಲೀಫನ ವೈಭವದ ಕನಸು ನೂರು ವರ್ಷವೂ ಬಾಳಲಿಲ್ಲ. 1013ರ ಸುಮಾರಿಗೆ ಝಹ್ರಾವಿಯವರೂ ಈ ಲೋಕದಿಂದ ತೆರಳಿದರು. ಆ ನಗರದ ಅವಶೇಷಗಳು ಇಂದು ಕೊರ್ಡೋಬಾದ ಹೊರವಲಯದಲ್ಲಿವೆ. 2018ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಅವರ ಗ್ರಂಥಕ್ಕೆ ಪಾಳುಬೀಳುವ ಗತಿ ಬರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೊನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದನು. ಹದಿನಾಲ್ಕನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಗಿ ದ ಶೋಲಿಯಾಕ್ 1363ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಅವರನ್ನು ಮತ್ತೆ ಮತ್ತೆ ಆಧಾರವಾಗಿಟ್ಟುಕೊಂಡನು. 1465ರಲ್ಲಿ ತುರ್ಕಿಯ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು ಅದೇ ಗ್ರಂಥವನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಸಚಿತ್ರ ಕೃತಿ ರಚಿಸಿದನು. 1497ರಲ್ಲಿ ವೆನಿಸ್‌ನಲ್ಲಿ ಅದರ ಲ್ಯಾಟಿನ್ ಅನುವಾದ ಅಚ್ಚಾಯಿತು. ನಮ್ಮ ದೇಶದಲ್ಲಿ ಪಟ್ನಾದ ಖುದಾ ಬಕ್ಷ್ ಗ್ರಂಥಾಲಯದಲ್ಲಿ ಅದರ ಪ್ರಾಚೀನ ಹಸ್ತಪ್ರತಿಯನ್ನು ಜೋಪಾನವಾಗಿ ಕಾಪಾಡಲಾಗಿದೆ. ಪ್ರಯೋಜನಕಾರಿಯಾದ ವಿದ್ಯೆಯನ್ನು ಬಿಟ್ಟು ಹೋದವನ ಪುಣ್ಯ ಮರಣದೊಂದಿಗೆ ನಿಲ್ಲುವುದಿಲ್ಲವೆಂಬ ಪ್ರವಾದಿವಚನಕ್ಕೆ(ಸ) ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಅರಿವಳಿಕೆ ಬಂದರೂ ಹೋಗದ ಭಯ

ಝಹ್ರಾವಿಯವರ ಕಾಲದಲ್ಲಿ ಇಂದಿನಂತಹ ಅರಿವಳಿಕೆ ಇರಲಿಲ್ಲ. ಅದಕ್ಕಾಗಿ ಲೋಕವು ಇನ್ನೂ 800 ವರ್ಷಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ಆ ದಾರಿಯನ್ನು ತೆರೆದವರಲ್ಲಿ ಹಲ್ಲಿನ ವೈದ್ಯರೇ ಪ್ರಮುಖರು. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲವನ್ನು ಹಲ್ಲು ಕೀಳಲು ಬಳಸಿದನು. 1846ರಲ್ಲಿ ವಿಲಿಯಂ ಮಾರ್ಟನ್ ಬೋಸ್ಟನ್ ನಗರದಲ್ಲಿ ಈಥರ್‌ನ ಪ್ರಯೋಗವನ್ನು ಎಲ್ಲರ ಮುಂದೆ ಮಾಡಿ ತೋರಿಸಿದನು. ಅವರಿಬ್ಬರೂ ದಂತವೈದ್ಯರು. ಇಂದು ಒಂದು ಸಣ್ಣ ಚುಚ್ಚುಮದ್ದಿನಿಂದ ವಸಡು ಜೋಮು ಹಿಡಿಯುತ್ತದೆ. ಹೆಚ್ಚಿನ ಚಿಕಿತ್ಸೆಗಳು ನೋವಿಲ್ಲದೆ ಮುಗಿಯುತ್ತವೆ.

ಆದರೂ ಭಯ ಹೋಗಿಲ್ಲ. ಭಯದಲ್ಲಿರುವವನ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಸಣ್ಣ ನೋವೂ ದೊಡ್ಡದಾಗಿ ತೋರುತ್ತದೆ. ಹೆದರಿದವನು ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುತ್ತಾನೆ. ಅಷ್ಟರಲ್ಲಿ ಚಿಕ್ಕ ತೂತು ದೊಡ್ಡದಾಗುತ್ತದೆ. ಕೊನೆಗೆ ಹೋದಾಗ ದೊಡ್ಡ ಚಿಕಿತ್ಸೆಯೇ ಬೇಕಾಗುತ್ತದೆ. ಅದರಿಂದ ಭಯ ಇನ್ನಷ್ಟು ಬೆಳೆಯುತ್ತದೆ. ಈ ವರ್ತುಲವನ್ನು ಮುರಿಯುವುದು ವೈದ್ಯರ ಮತ್ತು ಮನೆಯವರ ಕೂಡು ಹೊಣೆ.

ಭಯವನ್ನು ಗುರುತಿಸುವುದು ಕಷ್ಟವಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿರುವುದು, ಅಂಗೈ ಬೆವರುವುದು, ಉಸಿರು ಬಿಗಿಹಿಡಿಯುವುದು, ಎಂದೂ ಮಾತಾಡುವವರು ಮೌನವಾಗುವುದು, ಗೊತ್ತುಪಡಿಸಿದ ದಿನವನ್ನು ಮತ್ತೆ ಮತ್ತೆ ತಪ್ಪಿಸುವುದು ಇವೆಲ್ಲ ಅದರ ಗುರುತುಗಳು. ಇವನ್ನು ಕಂಡ ವೈದ್ಯನು ಒಂದು ನಿಮಿಷ ನಿಂತು ರೋಗಿಯ ಮಾತನ್ನು ಕೇಳಬೇಕು. ಏನು ಮಾಡಲಿದ್ದೇನೆಂದು ಸರಳವಾಗಿ ತಿಳಿಸಬೇಕು. ಸೂಜಿಯನ್ನು ಕಣ್ಣೆದುರು ಆಡಿಸಬಾರದು. ಸಹಿಸಲಾಗದಾಗ ಕೈ ಎತ್ತಿದರೆ ನಿಲ್ಲಿಸುವೆನೆಂದು ಹೇಳಬೇಕು, ಎತ್ತಿದಾಗ ನಿಜಕ್ಕೂ ನಿಲ್ಲಿಸಬೇಕು. ಮಕ್ಕಳಿಗಾದರೆ ಮೊದಲು ಹೇಳಿ, ಸಲಕರಣೆಯನ್ನು ತೋರಿಸಿ, ಅನಂತರ ಮಾಡುವ ಕ್ರಮವನ್ನು ಇಂದಿನ ದಂತವೈದ್ಯರು ಅನುಸರಿಸುತ್ತಾರೆ. ಒಬ್ಬನ ಭಯ ನೋಡುವುದರಿಂದ ಹೆಚ್ಚುತ್ತದೆ, ಇನ್ನೊಬ್ಬನ ಭಯ ತಿಳಿಯದಿರುವುದರಿಂದ ಹೆಚ್ಚುತ್ತದೆ. ಮುಂದಿರುವವರು ಯಾವ ಬಗೆಯವರೆಂದು ಅರಿಯುವುದೇ ವೈದ್ಯನ ಜಾಣ್ಮೆ.

ನಮ್ಮ ಮನೆಗಳಲ್ಲಿ

ವೈದ್ಯರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಗಳತ್ತಲೂ ನೋಡೋಣ. ಮಗು ಊಟ ಮಾಡದಿದ್ದರೆ, ಹಟ ಹಿಡಿದರೆ, ಡಾಕ್ಟರ ಬಳಿ ಕರೆದೊಯ್ದು ಸೂಜಿ ಚುಚ್ಚಿಸುತ್ತೇನೆಂದು ಹೆದರಿಸುವ ತಾಯಂದಿರು ಎಷ್ಟು ಮಂದಿಯಿಲ್ಲ! ತಮಗೆ ಹಲ್ಲು ಕಿತ್ತಾಗ ಆದ ಯಾತನೆಯನ್ನು ಬಣ್ಣ ಕಟ್ಟಿ ಮಕ್ಕಳೆದುರು ಹೇಳುವ ತಂದೆಯಂದಿರೂ ಇದ್ದಾರೆ. ಮುಂದೆ ನಿಜವಾಗಿ ಹಲ್ಲು ನೋಯುವಾಗ ಆ ಮಗು ವೈದ್ಯರ ಹೆಸರು ಕೇಳಿದೊಡನೆ ಕಿರುಚುತ್ತದೆ. ಆಗ ಅದೇ ತಾಯಿ ಮಗುವನ್ನು ಪುಸಲಾಯಿಸಲು ಡಾಕ್ಟರು ಏನೂ ಮಾಡುವುದಿಲ್ಲ, ಬರೇ ನೋಡುತ್ತಾರಷ್ಟೇ ಎಂದು ಸುಳ್ಳು ಹೇಳಬೇಕಾಗುತ್ತದೆ.

ಏನಾದರೂ ಕೊಡುತ್ತೇನೆಂದು ಮಗುವನ್ನು ಕರೆದ ತಾಯಿಯೊಬ್ಬರಿಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆಯನ್ನು ನಾವು ಮರೆಯಬಾರದು. ಆಕೆ ಏನನ್ನೂ ಕೊಡದಿರುತ್ತಿದ್ದರೆ ಆಕೆಯ ಹೆಸರಿನಲ್ಲಿ ಒಂದು ಸುಳ್ಳು ದಾಖಲಾಗುತ್ತಿತ್ತು. ಮಗುವಿಗೆ ಹೇಳುವ ಸುಳ್ಳು ಕೂಡ ಸುಳ್ಳೇ. ಸ್ವಲ್ಪ ನೋಯಬಹುದು, ಬೇಗ ಮುಗಿಯುತ್ತದೆ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ನಿಜವನ್ನೇ ಮೃದುವಾಗಿ ಹೇಳಿದರೆ ಮಗು ನಂಬುತ್ತದೆ. ನಂಬಿಕೆ ಹುಟ್ಟಿದಲ್ಲಿ ಭಯ ಅರ್ಧ ಇಳಿಯುತ್ತದೆ. ನೋವಿಲ್ಲದಿರುವಾಗಲೇ ಒಮ್ಮೆ ವೈದ್ಯರ ಬಳಿ ಕರೆದೊಯ್ದು ಹಲ್ಲು ತೋರಿಸಿದರೆ ಮುಂದಿನ ಭೇಟಿ ಸುಲಭವಾಗುತ್ತದೆ. ಮಿಸ್ವಾಕಿಗೆ ಪ್ರವಾದಿವರ್ಯರು(ಸ) ಕೊಟ್ಟ ಮಹತ್ವವನ್ನು ಅರಿತು ದಿನವೂ ಹಲ್ಲನ್ನು ಶುಚಿಯಾಗಿಟ್ಟುಕೊಂಡರೆ ಇಕ್ಕಳದ ಅಗತ್ಯವೇ ವಿರಳವಾಗುತ್ತದೆ.

ಮನೆಯಲ್ಲಿರುವ ವಯಸ್ಸಾದವರ ಭಯವನ್ನೂ ನಾವು ಕಾಣಬೇಕು. ಇಷ್ಟು ವಯಸ್ಸಾದ ಮೇಲೂ ಹೆದರಿಕೆಯೇ ಎಂದು ನಗೆಯಾಡಿದರೆ ಅವರು ನೋವನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಜೊತೆಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತು, ಎರಡು ಧೈರ್ಯದ ಮಾತು ಹೇಳುವುದೂ ರೋಗಿಯ ಸೇವೆಯೇ. ರೋಗಿಗಳನ್ನು ಕಾಣಲು ಹೋದಾಗ ಪ್ರವಾದಿವರ್ಯರು(ಸ) ಅವರಿಗೆ ಸಾಂತ್ವನದ ಮಾತನ್ನೇ ಆಡುತ್ತಿದ್ದರು.

ಝಹ್ರಾವಿಯವರು ಬರೆದ ಎಷ್ಟೋ ಚಿಕಿತ್ಸೆಗಳು ಇಂದು ಬಳಕೆಯಲ್ಲಿಲ್ಲ. ಕಾಯಿಸಿದ ಕಂಬಿ ಹೋಯಿತು, ಮೂಳೆಯ ಹಲ್ಲು ಹೋಯಿತು. ಆದರೆ ಬೆರಳುಗಳ ನಡುವೆ ಕತ್ತಿಯನ್ನು ಮರೆಮಾಡಿದ ಆ ಕಾಳಜಿಗೆ ಕಾಲ ಮೀರುವುದಿಲ್ಲ. ನಮ್ಮಲ್ಲಿ ಎಲ್ಲರೂ ವೈದ್ಯರಲ್ಲ. ಆದರೆ ನಮ್ಮ ಮುಂದೆ ಹೆದರಿ ನಿಲ್ಲುವವರು ಎಲ್ಲರಿಗೂ ಇದ್ದಾರೆ. ಅವರು ಅಧ್ಯಾಪಕರ ಮುಂದಿನ ವಿದ್ಯಾರ್ಥಿಗಳಾಗಿರಬಹುದು, ಯಜಮಾನನ ಮುಂದಿನ ಕೆಲಸಗಾರರಾಗಿರಬಹುದು, ಸಾಲ ಕೊಟ್ಟವನ ಮುಂದಿನ ಸಾಲಗಾರರಾಗಿರಬಹುದು, ಹೆತ್ತವರ ಮುಂದಿನ ಮಕ್ಕಳಾಗಿರಬಹುದು. ನಮ್ಮ ಕೈಯಲ್ಲಿರುವ ಹರಿತವನ್ನು ಅವರಿಗೆ ತೋರಿಸುತ್ತಾ ನಿಲ್ಲುವುದೇ, ಇಲ್ಲವೇ ಅದನ್ನು ಮರೆಮಾಡಿ ಅವರ ಗಾಯವನ್ನು ನೋಡುವುದೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಕರುಣಾಮಯನಾದ ಅಲ್ಲಾಹನು ಅಬುಲ್ ಕಾಸಿಮ್ ಅಝ್ಝಹ್ರಾವಿಯವರ ಸೇವೆಯನ್ನು ಸ್ವೀಕರಿಸಲಿ. ನೋವಿನಲ್ಲಿರುವವರಿಗೆ ಗುಣವನ್ನೂ, ಹೆದರಿದವರಿಗೆ ನೆಮ್ಮದಿಯನ್ನೂ, ಚಿಕಿತ್ಸೆ ಮಾಡುವ ಕೈಗಳಿಗೆ ಮೃದುತನವನ್ನೂ ದಯಪಾಲಿಸಲಿ. ಆಮೀನ್.